ಅರ್ಧ ಸೆಕೆಂಡಿನ ತಮ್ಮ

ಜಗತ್ತನ್ನು ಸೃಷ್ಟಿಸಲು ದೇವರಿಗೆ ಆರು ದಿನ ಹಿಡಿಯಿತೆಂದು ಕಾನ್ವೆಂಟಿನಲ್ಲಿ ಸಿಸ್ಟರ್ ಹೇಳಿಕೊಟ್ಟಿದ್ದರು. ಅಷ್ಟು ತಡವೇಕೆ ಎಂದು ದೇವರನ್ನೇ ವಿಚಾರಿಸಬಲ್ಲವನು ನನ್ನ ತಮ್ಮ ಒಬ್ಬನೇ! ಕಳೆದ ಭಾನುವಾರ ನನ್ನ ಮನೆಯ ಮೇಲಿನ ಕೋಣೆ ಖಾಲಿ ಮಾಡೆಂದು ಅವನಿಗೆ ಹೇಳುವವಳಿದ್ದೆ. ಸಿಟ್ಟು ಎನ್ನುವುದು ಸಣ್ಣ ಮಾತು. ಐ ವಾಸ್ ಫ್ಯೂರಿಯಸ್.

ನಿವೃತ್ತನಾದ ಮೇಲೆ ಅವನು ಪ್ರೋಗ್ರಾಂ ಬರೆಯಲು ಕಲಿತ. ಹತ್ತಿ ವ್ಯಾಪಾರಿಗಳು ಫೋನಿನಲ್ಲಿ ದಿನದ ದರ ಕೇಳಿದರೆ ಉತ್ತರ ಕಳಿಸುವುದು ಅವನು ಬರೆದ ವೆಬ್ ಎಪಿಐ ಎಂಬ ಪ್ರೋಗ್ರಾಂ. ಶಿರಗುಪ್ಪಿಯ ವ್ಯಾಪಾರಿಯೊಬ್ಬರು, "ನಿಮ್ಮ ಉತ್ತರ ಬರೂದ್ರಾಗ ಹತ್ತಿ ಮಾರಿ ಮನಿಗೆ ಬಂದಿರ್ತೇನ್ರಿ" ಎಂದರು. ಅಷ್ಟೇ ಸಾಕಾಯಿತು. ಎಲ್ಲಿಂದಲೋ ರೆಡಿಮೇಡ್ ಪ್ಲಗಿನ್ ಒಂದನ್ನು ತಂದು ಜೋಡಿಸಿದ. ಪ್ರತಿ ಪ್ರಶ್ನೆಗೆ ಉತ್ತರ ಬರಲು ಎಷ್ಟು ಹೊತ್ತಾಯಿತೆಂದು ಅದು ಅಳೆಯುತ್ತದೆ; ಅರ್ಧ ಸೆಕೆಂಡು ದಾಟಿದರೆ ಪರದೆಯ ಮೇಲೆ ಕೆಂಪು ಗೆರೆ. ತಡವಾಗುತ್ತಿದ್ದ ಜಾಗ ಸಿಕ್ಕಿತು, ದುರಸ್ತಿಯೂ ಆಯಿತು. ಅಲ್ಲಿಗೆ ನಿಲ್ಲಬೇಕಿತ್ತಲ್ಲವೇ?

ಅಳತೆ ಅಡುಗೆಮನೆಗೆ ಇಳಿಯಿತು.

"ಅಕ್ಕಾ, ಚಹಾ ಕೇಳಿ ಹದಿನಾಕು ನಿಮಿಷ ಆತು. ಕೆಂಪು."

"ಹಂಗಾರ ನಿನ್ನ ಕಂಪ್ಯೂಟರಿಗೇ ಹೇಳು, ಕಾಸಿ ಕೊಡತೈತಿ."

"ನಾ ಬೈಯಾಕತ್ತಿಲ್ಲ, ಕಾರಣ ಹುಡುಕಾಕತ್ತೇನಿ. ಚಹಾ ಕುದಿಯಾಕ ನಾಕು ನಿಮಿಷ. ಉಳಿದ ಹತ್ತು ಎಲ್ಲಿ ಹೋದವು?"

ಆ ಹತ್ತು ನನ್ನ ಮೊಣಕಾಲಿಗೆ ಹೋಗಿದ್ದವು. ಹೇಳಲಿಲ್ಲ, ಅದಕ್ಕೂ ಗೆರೆ ಎಳೆದಾನು.

ಆಮೇಲೆ ಬಾಜೂ ಮನೆಯ ನನ್ನ ಗೆಳತಿಯ ಸರದಿ. ಗೇಟಿನ ಹತ್ತಿರ ನಾವು ಮಾತಾಡುತ್ತ ನಿಂತಿದ್ದಾಗ ಮಹಾಶಯ ಫೋನ್ ಹಿಡಿದು ಬಂದ. "ಐವತ್ತೆರಡು ನಿಮಿಷ ಆತ್ರಿ ವೈನಿ. ವಿಷಯ ಬರೇ ಬದನಿಕಾಯಿ." ಪಾಪ, ಆಕೆ ಅಂದಿನಿಂದ ಇತ್ತ ಹಾಯ್ದಿಲ್ಲ. ಇದ್ದವಳೊಬ್ಬಳೇ ಗೆಳತಿ. ಇನ್ನು ಇವನನ್ನು ಇಟ್ಟುಕೊಳ್ಳುವುದುಂಟೇ?

ಭಾನುವಾರ ಮೆಟ್ಟಿಲೇರಿದೆ. ಅವನು ಸ್ನಾನಕ್ಕೆ ಹೋಗಿದ್ದ. ಪರದೆ ತೆರೆದೇ ಇತ್ತು. ನನ್ನ ಅಪರಾಧಗಳ ಪಟ್ಟಿಯೇ ಇರಬೇಕೆಂದು ಕನ್ನಡಕ ಹಾಕಿಕೊಂಡು ಬಗ್ಗಿದೆ. ಮೇಲೆ "ನಾನು" ಎಂದು ಬರೆದಿತ್ತು, ಕೆಳಗೆ ಒಂದೊಂದು ಪ್ರಶ್ನೆ, ಎದುರಿಗೆ ಉತ್ತರ ನೆನಪಾಗಲು ಹಿಡಿದ ಹೊತ್ತು. ಕಲಿತ ಸಾಲಿ: ಆರು ಸೆಕೆಂಡು. ಅವ್ವನ ತವರು: ಹನ್ನೊಂದು. ಬಾಜೂ ಮನಿಯವರ ಹೆಸರು: ಉತ್ತರ ಬರಲಿಲ್ಲ. ಅಕ್ಕನ ಹೆಸರು: ಒಂಬತ್ತು. ದಿನಕ್ಕೊಂದು ಪುಟ, ಮೂರು ತಿಂಗಳಿನಿಂದ. ಸಾಲು ಸಾಲಾಗಿ ಕೆಂಪು.

ತಲೆ ಒರೆಸಿಕೊಳ್ಳುತ್ತ ಬಂದವನು ನನ್ನನ್ನು ನೋಡಿ ಬಾಗಿಲಲ್ಲೇ ನಿಂತ.

"ಡಾಕ್ಟರಿಗೆ ತೋರಿಸಾವನ ಇದ್ದೆ ಅಕ್ಕಾ. ಮದಲ ಎಲ್ಲಿ ತಡ ಆಗಾಕತ್ತೈತಿ ಅಂತ ನೋಡಬೇಕಲ್ಲ?"

ಇಂಗ್ಲಿಷಿನಲ್ಲಿ ಜೋಡಿಸಿಕೊಂಡು ಬಂದಿದ್ದ ವಾಕ್ಯಗಳೆಲ್ಲ ಎಲ್ಲಿ ಹೋದವೋ. ಅವನ ಮಂಚದ ಮೇಲೆ ಕುಳಿತೆ.

"ನಾಳೆ ಇಬ್ರೂ ಹೋಗೂಣು. ಇನ್ನ ಮ್ಯಾಲೆ ಪ್ರಶ್ನಿ ನಾ ಕೇಳ್ತೇನಿ, ನೀ ಉತ್ತರ ಹೇಳು."

"ಟೈಮ್ ಯಾರು ನೋಡ್ತಾರ?"

"ಯಾರೂ ನೋಡೂದಿಲ್ಲ."