ಚಪ್ಪಟೆ ಬಾಯಿಯ ಕೊಳವೆ

ಬಳಸುವವರನ್ನು ಒಂದು ಮಾತೂ ಕೇಳದೆ ವಸ್ತು ತಯಾರಿಸುವವರ ಜನ್ಮ ಜಾಲಾಡುವುದೇ ನನ್ನ ಅಂಕಣದ ಕಸುಬು. ಕೈ ಸುಡುವ ಕೆಟಲಿನ ಹಿಡಿ, ತಳ್ಳಬೇಕೋ ಎಳೆಯಬೇಕೋ ತಿಳಿಯದ ಬಾಗಿಲು, ಹನ್ನೊಂದು ವರ್ಷಗಳಲ್ಲಿ ಮರ್ಗಿಲಾನ್ ಪಟ್ಟಣದ ಒಂದನ್ನೂ ಬಿಟ್ಟವನಲ್ಲ. ಅಂಥ ನನ್ನ ಮನೆಗೇ ಕಳಪೆ ಮಾಲು ನುಗ್ಗಿದರೆ ಸುಮ್ಮನಿರುವುದುಂಟೇ!

ನುಗ್ಗಿದ್ದು ಮೊಮ್ಮಗಳ ತೊಟ್ಟಿಲು. ಬೀಗಿತಿ ಸನೋಬರ್ ತನ್ನ ಮಗಳನ್ನು, ಅಂದರೆ ನನ್ನ ಸೊಸೆಯನ್ನು, ತೂಗಿದ ತೊಟ್ಟಿಲನ್ನೇ ಅಕ್ಕರೆಯಿಂದ ಹೊರಿಸಿಕೊಂಡು ಬಂದಿದ್ದಳು. ತೊಟ್ಟಿಲೇನೋ ಸೊಗಸು. ಆದರೆ ಪಟ್ಟಿ ಬಿಗಿದು ಮಲಗಿಸಿದ ಮಗುವಿನ ಉಚ್ಚೆಯನ್ನು ಕೆಳಗಿನ ಮಡಕೆಗೆ ಇಳಿಸುವ ಮರದ ಕೊಳವೆಯ ಬಾಯಿ ಚಪ್ಪಟೆ! ಕತ್ತೆ ತುಳಿದಂತೆ! ನನ್ನ ಇಬ್ಬರು ಗಂಡುಮಕ್ಕಳ ಕೊಳವೆ ಎಷ್ಟು ಗುಂಡಗಿತ್ತು!

ಸಂತೆಗೆ ಓಡಿದೆ. ಕೊಳವೆ ಕಡೆಯುವ ಮುದುಕ ಏನೋ ಕೇಳಲು ಬಾಯಿ ತೆರೆದ. ಬಿಟ್ಟರೆ ತಾನೇ? ಅರ್ಧ ಗಂಟೆ ಭಾಷಣ ಬಿಗಿದು, ಗುಂಡು ಬಾಯಿಯ ಕೊಳವೆಯನ್ನು ನಾನೇ ಆರಿಸಿ ತಂದೆ.

ಶುಕ್ರವಾರ ಬೀಗರು ಊಟಕ್ಕೆ ಬಂದರು. ಹೆಂಗಸರೆಲ್ಲ ಪಲಾವಿನ ಕಡಾಯಿ ಸುತ್ತ ಇದ್ದಾಗ ಮಗುವನ್ನು ನಾನೇ ಬಿಗಿದು, ಹೊಸ ಕೊಳವೆ ಇಟ್ಟು, ಹಳೆಯದನ್ನು ಜೇಬಿಗಿಳಿಸಿದೆ.

ಎರಡು ತುತ್ತು ಇಳಿದಿರಲಿಲ್ಲ, ಮಗು ಕಿರುಚಿತು. ಹಾಸಿಗೆ ತೊಯ್ದು, ರಜಾಯಿ ತೊಯ್ದು, ಸಿರ್‌ದರ್ಯಾ ನದಿಯೇ ದಾರಿ ತಪ್ಪಿದಂತೆ ಒಂದು ಧಾರೆ ಕಂಬಳಿ ದಾಟಿ ರೊಟ್ಟಿಯ ಕಡೆ ಹೊರಟಿತು. ಮಡಕೆಯೊಂದೇ ಒಣಗಿತ್ತು!

"ಹಳೇ ತೊಟ್ಟಿಲನ್ನ ಇಲ್ಲಿಗೆ ಸಾಗಹಾಕಿದ್ಯಾ, ಸನೋಬರ್?" ಎಂದಳು ನನ್ನ ಅಕ್ಕ.

ಸನೋಬರ್ ತಲೆ ತಗ್ಗಿಸಿ, ನಾಳೆಯೇ ವಾಪಸ್ ಒಯ್ಯುತ್ತೇನೆಂದಳು. ಸೊಸೆಯ ಕಣ್ಣು ತುಂಬಿತು. ಜೇಬಿನ ಕೊಳವೆ ಪಕ್ಕೆಗೆ ಚುಚ್ಚಿತು. ತನ್ನ ತಪ್ಪಿಗೆ ಇನ್ನೊಬ್ಬರು ಬೈಸಿಕೊಳ್ಳುವುದನ್ನು ನೋಡುತ್ತ ಪಲಾವು ಮುಕ್ಕುವವನು ಅಂಕಣ ಬರೆಯಬಾರದು! ಕೊಳವೆಯನ್ನು ಎಲ್ಲರ ಮುಂದಿಟ್ಟು ಒಪ್ಪಿಕೊಂಡೆ. ಒಪ್ಪಿಕೊಂಡು ಸುಮ್ಮನಿರಬೇಕಿತ್ತು. "ಆದ್ರೂ ಇದರ ಬಾಯಿ ನೋಡಿ, ಕಡೆದವನಿಗೆ ಕಣ್ಣಿತ್ತಾ?" ಎಂದೂ ಸೇರಿಸಿದೆ.

ಹೆಂಡತಿ ಮುನವ್ವರ್ ಎರಡೂ ಕೊಳವೆಗಳನ್ನು ಎತ್ತಿ ಹಿಡಿದಳು. "ರೀ, ಗುಂಡು ಬಾಯಿದು ಗಂಡುಕೂಸಿಗೆ. ಚಪ್ಪಟೆದು ಹೆಣ್ಣುಕೂಸಿಗೆ. ಕಡೆದವನಿಗೆ ಕಣ್ಣಿತ್ತು."

ಮೊದಲು ನಕ್ಕವಳು ಸನೋಬರ್. ಆಮೇಲೆ ಬೀದಿಯೇ ನಕ್ಕಿತು. ತೊಟ್ಟಿಲು ಉಳಿಯಿತು, ಅವಳ ಮಾನ ಉಳಿಯಿತು. ಹೋದದ್ದು ನನ್ನದು.

ಮರುದಿನ ಮುದುಕನ ಮೇಲೆ ಹರಿಹಾಯ್ದೆ. ಎರಡು ಬಗೆಯಿದೆಯೆಂದು ಮೊದಲೇ ಹೇಳಲು ಏನಾಗಿತ್ತು?

"ಗಂಡೋ ಹೆಣ್ಣೋ ಅಂತ ಕೇಳೋಕೆ ಬಾಯಿ ತೆರೆದೆ, ಯಜಮಾನ್ರೇ" ಎಂದ ಅವನು, ಉಳಿಯಿಂದ ಕಣ್ಣೆತ್ತದೆ. "ಆದ್ರೆ ನೀವು, ಬಳಸೋರನ್ನ ಯಾರೂ ಏನೂ ಕೇಳಲ್ಲ ಅಂತ ಬೈತಾ ಇದ್ರಿ."