ತಾರಸಿ ಬೆಳ್ಳುಳ್ಳಿಗೆ ಒಂದಿಷ್ಟು ಚಳಿ ಕೋರಿ

ಮಾನ್ಯ ಚಳಿಗಾಲದವರ ಸನ್ನಿಧಾನಕ್ಕೆ,

ಬೆವರು ಒರೆಸಿಕೊಂಡ ಕೈಗಳಿಂದಲೇ ಅನಂತ ನಮಸ್ಕಾರಗಳು. ತಾವು ನಮ್ಮೂರಿನ ಕಡೆ ತಲೆ ಹಾಕಿದ್ದನ್ನು ಕಂಡವರು ಯಾರೂ ಇಲ್ಲವಾದರೂ, ತಾವು ಎಲ್ಲಿದ್ದರೂ ಕ್ಷೇಮವೆಂದೇ ಭಾವಿಸಿ ಈ ದೂರನ್ನು ಸಲ್ಲಿಸುತ್ತಿದ್ದೇನೆ.

ನಾನು ಫ್ರಿಜ್ ರಿಪೇರಿಯವನು. ಬೀದಿಯವರ ಬಾಯಲ್ಲಿ ತಂಪಣ್ಣ. ಚಳಿ ತಾಗದೆ ಬೆಳ್ಳುಳ್ಳಿ ಗಡ್ಡೆ ಕಟ್ಟುವುದಿಲ್ಲ, ಈ ಸೆಕೆಯಲ್ಲಿ ಅದರ ಗೊಡವೆ ಬೇಡ ಎಂದು ಎಲ್ಲರೂ ಹೇಳಿದಾಗ, ಚಳಿಯಿಂದಲೇ ಹೊಟ್ಟೆ ಹೊರೆಯುವ ನನಗೆ ರೋಷ ಉಕ್ಕಿ, ತಾರಸಿಯ ಮೇಲೆ ನನ್ನಾಕೆ ಸಾಕಿದ್ದ ಬದನೆ ಗಿಡಗಳನ್ನು ಕಿತ್ತು ಜಾಗ ಮಾಡಿದೆ. "ಗಡ್ಡೆ ಬರ್ಲಿಲ್ವೋ, ಆಮೇಲೆ ನೀವು ತಾರಸಿ ಹತ್ತೋ ಹಾಗಿಲ್ಲ, ನೋಡ್ಕೊಳ್ಳಿ" ಎಂದಳು. ಸಂಜೆ ನಾಲ್ಕು ಉಸಿರು ಗಾಳಿ ಸಿಗುವ ಜಾಗ ನನಗೆ ಅದೊಂದೇ. ಆದರೂ ಆಗಲಿ ಎಂದು ಮೀಸೆ ತಿರುವಿದೆ.

ತಾವು ಬಾರದಿದ್ದರೆ ತಮ್ಮ ಪ್ರಭಾರ ವಹಿಸಲು ಫ್ರಿಜ್ ಇದೆಯಲ್ಲ, ಎಸಳುಗಳನ್ನು ಕೆಲವು ವಾರ ಅದರಲ್ಲಿಟ್ಟು ನೆಟ್ಟರಾಯಿತು ಎಂಬುದು ನನ್ನ ಎಣಿಕೆ. ಹಾಲಿಗೆ ವಾಸನೆ ಹತ್ತುತ್ತದೆಂದು ಮನೆಯ ಫ್ರಿಜ್ಜಿನಲ್ಲಿ ಪ್ರವೇಶ ಸಿಗಲಿಲ್ಲ. ಅಂಗಡಿಯಲ್ಲಿ ಬ್ಯಾಂಕ್ ಮೇಡಂ ಅವರ ಫ್ರಿಜ್ ರಿಪೇರಿಯಾಗಿ ನಿಂತಿತ್ತು; ಎಸಳುಗಳನ್ನು ಅದರಲ್ಲಿ ಮಲಗಿಸಿ, ಅವರು ಕೇಳಿದಾಗಲೆಲ್ಲ "ಇನ್ನೂ ಕೂಲಿಂಗ್ ಹಿಡೀತಿಲ್ಲ ಮೇಡಂ" ಎಂದು ಸಾಗಹಾಕಿದೆ. ಒಂದು ದಿನ ನಾನು ಊಟಕ್ಕೆ ಹೋಗಿದ್ದಾಗ ಅವರು ಗಾಡಿ ತಂದು ಫ್ರಿಜ್ ಹೇರಿಕೊಂಡು ಹೋದರು. ಮರುದಿನ ಫೋನ್ ಮಾಡಿ, ಕೂಲಿಂಗ್ ಬಹಳ ಚೆನ್ನಾಗಿದೆ, ಒಳಗಿದ್ದ ಬೆಳ್ಳುಳ್ಳಿಯೂ ಅಡುಗೆಗೆ ಘಮ್ಮೆಂದಿತು ಎಂದು ಹೊಗಳಿದರು. ಅದು ಬಿತ್ತನೆಗಿಟ್ಟದ್ದು ಎಂದು ಯಾವ ಬಾಯಿಂದ ಹೇಳಲಿ, ಸ್ವಾಮಿ!

ಕೊನೆಗೆ ಚಳಿಯ ಮುಖವನ್ನೇ ಕಾಣದ ಬೇರೆ ಎಸಳುಗಳನ್ನು ನೆಟ್ಟೆ. ತೇವಕ್ಕೆ ಅರ್ಧ ಕೊಳೆತವು. ಉಳಿದವು ಗರಿಗಳನ್ನು ಮಾತ್ರ ಧಾರಾಳವಾಗಿ ಬಿಟ್ಟವು. ಮೊನ್ನೆ ಒಂದನ್ನು ಮೆಲ್ಲಗೆ ಕಿತ್ತು ನೋಡಿದರೆ, ಬುಡದಲ್ಲಿ ಎಸಳೊಡೆಯದ ಒಂದೇ ಒಂದು ಗುಂಡು. ಯಾರೂ ಕಾಣದಂತೆ ಮತ್ತೆ ಹೂತಿಟ್ಟೆ. ಭಾನುವಾರ ನನ್ನಾಕೆ ತನ್ನ ಕೈಯಾರೆ ಕೀಳುತ್ತಾಳಂತೆ.

ಆದಕಾರಣ ತಾವು ದಯಮಾಡಿ ಶನಿವಾರದೊಳಗೆ ನಮ್ಮ ತಾರಸಿಗೆ ಮಾತ್ರ ಆಗಮಿಸಿ, ಮನೆಯಲ್ಲಿರುವ ನನ್ನ ಅಪ್ಪನ ಮಂಡಿನೋವಿಗೂ ನನ್ನ ಅಂಗಡಿಯ ವ್ಯಾಪಾರಕ್ಕೂ ತೊಂದರೆಯಾಗದಂತೆ ಬೀಸಿ, ಎರಡು ತಿಂಗಳ ಚಳಿಯನ್ನು ಒಂದೇ ದಿನದಲ್ಲಿ ದಯಪಾಲಿಸಬೇಕಾಗಿ ಪ್ರಾರ್ಥನೆ.

ಇಷ್ಟಾದರೂ ತಮ್ಮನ್ನು ನಂಬಿರುವ,
ತಮ್ಮ ವಿಶ್ವಾಸಿ,
ತಂಪಣ್ಣ

ಮರೆತ ಮಾತು: ಪತ್ರ ಮುಗಿಸಿ ಎದ್ದಾಗ ಕಂಡೆ, ಮೆಟ್ಟಿಲ ಪಕ್ಕ ಕುಂಡಗಳಲ್ಲಿ ಬದನೆ ಗಿಡಗಳು. ನಾನು ಕಿತ್ತ ದಿನವೇ ಆಕೆ ಬೀಜ ಹಾಕಿದ್ದಳಂತೆ. ತಮ್ಮ ದಾರಿ ಕಾಯದೆ ಆಗಲೇ ಹೂ ಬಿಟ್ಟಿವೆ. ತಾವು ಬಂದರೆ ಮೇಲೆ ಹತ್ತಬೇಡಿ, ತಾರಸಿ ಇನ್ನು ಆಕೆಯದೇ. ನಾನು ಕೆಳಗೆ, ಫ್ಯಾನಿನಡಿ ಸಿಗುತ್ತೇನೆ.