ಹೊಲಿಗೆ ಮಿಷನ್ನಿಗೆ ಟ್ಯಾಕ್ಸ್ ಎಷ್ಟು?

ನಾನು ಏನು ಮಾರಾಕೆ ಹೋದ್ರೂ ಸುಮ್ಮನೆ ಮುಗಿಯಲ್ಲ. ಏನಾದರೂ ಒಂದು ಆಗೇ ಆಗುತ್ತೆ.

ನನ್ನ ಹೆಂಡತಿ ತೀರಿಹೋಗಿ ವರ್ಷ ಆಯ್ತು. ಸವಳಂಗದ ಬಸ್ ಸ್ಟಾಪಿನಲ್ಲಿ ನಿಂತೇ ಬಸ್ ಕಾಯ್ತಿದ್ದಳು. ಕೂರಾಕೆ ಒಂದು ಕಲ್ಲಿಲ್ಲ ಅಂತ ಬೈತಿದ್ದಳು. ಅವಳ ಸಾಮಾನು ಮಾರಿ ಅಲ್ಲೊಂದು ಕಲ್ಲುಬೆಂಚು ಹಾಕಿಸಬೇಕು ಅಂತ ನನ್ನ ಆಸೆ.

೧

ಚನ್ನಗಿರಿಯಿಂದ ಮಗಳು ಬಂದು ಹೊಲಿಗೆ ಮಿಷನ್ನಿನ ಫೋಟೋ ತೆಗೆದು ಮೊಬೈಲಿನಲ್ಲಿ ಮಾರಾಟಕ್ಕೆ ಹಾಕಿದಳು. ಅವತ್ತೇ ಫೋನು ಶುರು.

ನಾನು ರೇಟು ಹೇಳೋಕೆ ಮೊದಲು ಎಲ್ಲರನ್ನೂ ವಿಚಾರಿಸ್ತಿದ್ದೆ. ಯಾವೂರು, ಯಾರ ಪೈಕಿ, ಮನೇಲಿ ಎಷ್ಟು ಜನ, ಎಣ್ಣೆ ಬಿಟ್ಟು ಚೆನ್ನಾಗಿ ನೋಡಿಕೊಳ್ತೀರಾ. ಅವಳು ಮುಟ್ಟಿದ ಮಿಷನ್ನು, ಯಾರ್ಯಾರಿಗೋ ಕೊಡಾಕೆ ಆಗಲ್ಲ.

ಜಗಳೂರು ಕಡೆ ಸೊಕ್ಕೆಯ ಒಬ್ಬ ತಾಳ್ಮೆಯಿಂದ ಎಲ್ಲ ಹೇಳಿದ. ಕೊನೆಗೆ ಅಂದ: "ಯಜಮಾನ್ರೆ, ನಾನು ಮಿಷನ್ ಕೇಳಾಕೆ ಫೋನ್ ಮಾಡಿದ್ದು. ಹೆಣ್ಣು ಕೇಳಾಕಲ್ಲ."

೨

ಗೋವಿನಕೋವಿಯ ಹೆಣ್ಣುಮಗಳೊಬ್ಬಳು ಒಪ್ಪಿದಳು. ಗಾಡಿ ತಗೊಂಡು ಬಂದಳು. ಫೋನಿನಲ್ಲೇ ದುಡ್ಡು ಹಾಕಿದಳು. ಆಮೇಲೆ ನೆನಪಾಯ್ತು, ಅವತ್ತು ಶುಕ್ರವಾರ. ಶುಕ್ರವಾರ ನಮ್ಮ ಮನೆಯಿಂದ ಏನೂ ಹೊರಗೆ ಹೋಗಂಗಿಲ್ಲ. ಅದು ನನ್ನ ಹೆಂಡತಿ ಮಾಡಿದ ಕಾನೂನು.

ನಾಳೆ ಬಾ ತಾಯಿ ಅಂದೆ. ಅವಳು ಸೊಂಟದ ಮೇಲೆ ಕೈಯಿಟ್ಟಳು.

"ದುಡ್ಡು ಮಾತ್ರ ಶುಕ್ರವಾರ ಒಳಗೆ ಬರಬಹುದಾ?"

"ಬರಾಕೆ ಅಡ್ಡಿಯಿಲ್ಲಮ್ಮ. ಹೋಗಾಕೆ ಅಡ್ಡಿ."

ಶನಿವಾರ ಬಂದಳು. ಕುಂಕುಮ, ರವಿಕೆ ಕಣ ಕೊಟ್ಟು ಕಳಿಸಿದೆ. ಗಾಡಿ ಬಾಡಿಗೆ ಎರಡು ಸಲದ್ದೂ ನನ್ನ ಹತ್ರಾನೇ ಇಸ್ಕೊಂಡಳು.

೩

ಆಮೇಲೆ ಅವಳ ಮಿಕ್ಸಿ, ಬೀರು, ಫ್ಯಾನು ಹೋದವು. ಪಕ್ಕದ ಮನೆಯ ರಿಟೈರ್ಡ್ ಪೋಸ್ಟ್‌ಮ್ಯಾನು ಹೆದರಿಸಿದ. ಫೋನಿನಲ್ಲಿ ದುಡ್ಡು ಬಂದರೆ ಸರ್ಕಾರಕ್ಕೆ ಗೊತ್ತಾಗುತ್ತಂತೆ, ಟ್ಯಾಕ್ಸ್ ಕೇಳ್ತಾರಂತೆ. ಟ್ಯಾಕ್ಸ್ ಕಟ್ಟಿದರೆ ಬೆಂಚಿಗೆ ಕಾಲಿರಲ್ಲ ಅಂತ ಯೋಚನೆ ಹತ್ತಿತು.

ಮಾರನೇ ದಿನ ಒಂದು ಮೆಸೇಜು, ಇಂಗ್ಲಿಷಿನಲ್ಲಿ. ಓಡಿಹೋಗಿ ಅವನಿಗೇ ತೋರಿಸಿದೆ. ಕನ್ನಡಕ ಹಾಕಿ ಎರಡು ಸಲ ಓದಿದ.

"ಸರ್ಕಾರ ಕೇಳ್ತಿಲ್ಲ ಮಾರಾಯ. ಬ್ಯಾಂಕಿನೋರು ಸಾಲ ಕೊಡ್ತೀವಿ ಅಂತಾವ್ರೆ."

೪

ಸಮಾಧಾನ ಆಗಲಿಲ್ಲ. ಹೊನ್ನಾಳಿಗೆ ಹೋಗಿ ಒಬ್ಬ ಆಡಿಟರನ್ನು ಕಂಡೆ. ಮಾರಿದ್ದೆಲ್ಲ ಒಂದು ಚೀಟಿಯಲ್ಲಿ ಬರೆಸಿಕೊಂಡು ಹೋಗಿದ್ದೆ.

ಒಡವೆ ಮಾರಿದ್ರಾ ಅಂದರು. ಅದು ಮಗಳ ಕೊರಳಲ್ಲೈತೆ ಅಂದೆ. ಮಿಷನ್ ಎಷ್ಟಕ್ಕೆ ತಗೊಂಡಿದ್ರಿ ಅಂದರು. ಮದುವೇಲಿ ಮಾವ ಕೊಟ್ಟಿದ್ದು ಅಂದೆ.

"ಅಂದ್ರೆ ನಿಮಗೆ ಬಿಟ್ಟಿ."

"ಬಿಟ್ಟಿ ಅಲ್ಲ ಸಾಹೇಬ್ರೆ. ಮೂವತ್ತು ವರ್ಷ ದಿನಾ 'ನಮ್ಮಪ್ಪ ಕೊಟ್ಟಿದ್ದು' ಅಂತ ಕೇಳಿಸ್ಕೊಂಡೀನಿ."

ಅವರು ನಕ್ಕು ಚೀಟಿ ಮಡಚಿದರು. ಮನೇಲಿ ಸ್ವಂತಕ್ಕೆ ಬಳಸಿದ ಇಂಥ ಸಾಮಾನು ಮಾರಿದರೆ ಟ್ಯಾಕ್ಸ್ ಇಲ್ಲ, ಬಂಗಾರ ಆಗಿದ್ರೆ ಬೇರೆ ಲೆಕ್ಕ ಅಂದರು. ನನ್ನ ಬೆಂಚು ಉಳಿಯಿತು. ಕಣ್ಣು ಒರೆಸಿಕೊಂಡೆ.

ಫೀಸು ಎಷ್ಟು ಅಂದೆ. ಅವರು, ದುಡ್ಡು ಬಂದಿದ್ದು ತೋರಿಸಾಕೆ ನಾನು ಕೊಟ್ಟಿದ್ದ ಫೋನಿನಲ್ಲಿ ಮಾರದೇ ಉಳಿದಿದ್ದ ಶಾವಿಗೆ ಒರಳಿನ ಫೋಟೋ ನೋಡ್ತಿದ್ದರು. ಅವರ ಮನೆಯವರು ಇಂಥದ್ದೇ ಹುಡುಕ್ತಿದ್ದಾರಂತೆ. ಫೀಸಿನ ಬದಲು ಅದನ್ನೇ ಕೊಡಿ ಅಂದರು. ಆಗಲಿ ಅಂದೆ.

ಬಾಗಿಲ ತನಕ ಹೋದವನು ತಿರುಗಿ ಬಂದೆ. "ಈ ಒರಳಿಗೂ ಟ್ಯಾಕ್ಸ್ ಇಲ್ಲ ತಾನೆ ಸಾಹೇಬ್ರೆ?"

ಅವರು ಪೆನ್ನು ಕಚ್ಚಿ ಲೆಕ್ಕ ಹಾಕಿದರು.

"ನಿಮಗಿಲ್ಲ. ಆದ್ರೆ ಫೀಸು ಅಂತ ತಗೊಂಡೆ ನೋಡ್ರಿ, ಅದು ನನ್ನ ಆದಾಯ. ಕಟ್ಟೋನು ನಾನೇ."